ಬೇಟೆಗಿಂತ ಹೇರು ಭಾರ

ಅಮೆರಿಕದ ಮೊಂಟಾನಾ ರಾಜ್ಯದ ಬಹುಪಾಲು ಕಡೆ ಬಂದೂಕಿನ ಜಿಂಕೆ ಬೇಟೆಗೆ ಅಕ್ಟೋಬರ್ ಕೊನೆಯವರೆಗೆ ಕಾಯಬೇಕು. ಆದರೆ ಬಾಬ್ ಮಾರ್ಷಲ್ ಕಾಡಿನ ಒಳಭಾಗದಲ್ಲಿ ಸೆಪ್ಟೆಂಬರ್ 15ಕ್ಕೇ ಬೇಟೆ ಶುರು. ರಾಕಿ ಪರ್ವತಗಳ ನಡುವೆ 10 ಲಕ್ಷ ಎಕರೆಗೂ ಮೀರಿ ಹರಡಿರುವ ಈ ಕಾಡಿನೊಳಗೆ ಮೋಟಾರು ಓಡುವ ರಸ್ತೆ ಒಂದೂ ಇಲ್ಲ. ಅಕ್ಕಪಕ್ಕದ ಗ್ರೇಟ್ ಬೇರ್ ಮತ್ತು ಸ್ಕೇಪ್‌ಗೋಟ್ ಕಾಡುಗಳನ್ನು ಸೇರಿಸಿದರೆ ಸುಮಾರು 15 ಲಕ್ಷ ಎಕರೆ. ಶರತ್ಕಾಲ ಕಾಲಿಡುತ್ತಿದ್ದಂತೆ ಎತ್ತರದ ದಾರಿಗಳಲ್ಲಿ ಹಿಮ ಬೀಳತೊಡಗುತ್ತದೆ. ತಡಮಾಡಿದರೆ ಒಳಗೆ ಹೋದವರು ಹೊರಗೆ ಬರುವುದೇ ಕಷ್ಟ. ಕಾರು ನಿಲ್ಲಿಸಿದ ಜಾಗದಿಂದ 30–40 ಕಿಲೋಮೀಟರ್ ಆಚೆ ಬಿಡಾರ ಹೂಡುವವರಿದ್ದಾರೆ. ಅವರು ಹೋಗುವುದು ಕುದುರೆಯ ಮೇಲೆ. ಹಿಂದೆ ಸಾಲಾಗಿ ಹೇಸರಗತ್ತೆಗಳು.

ಯಾಕೆ ಹೀಗೆ ಎಂದು ತಿಳಿಯಲು ತೂಕದ ಲೆಕ್ಕ ನೋಡಬೇಕು. ಆ ಪರ್ವತಗಳಲ್ಲಿರುವ ಮ್ಯೂಲ್ ಡೀರ್ ಜಾತಿಯ ಬೆಳೆದ ಗಂಡು ಜಿಂಕೆ 70ರಿಂದ 110 ಕಿಲೋ ತೂಗುತ್ತದೆ. ಕರುಳು, ತೊಗಲು, ತಲೆ, ಮೂಳೆ ಎಲ್ಲ ಕಳೆದರೆ ಉಳಿಯುವ ಮಾಂಸ ಸುಮಾರು 30 ಕಿಲೋ. ಅದೇ ಕಾಡಿನ ಎಲ್ಕ್ ನಮ್ಮ ಕಡವೆಯ ದೂರದ ನೆಂಟ. ಗಂಡಾದರೆ 300 ಕಿಲೋ ದಾಟುತ್ತದೆ, ಮಾಂಸವೇ 100 ಕಿಲೋದ ಹತ್ತಿರ. ಗಟ್ಟಿ ಆಳೊಬ್ಬ 30 ಕಿಲೋ ಬೆನ್ನಿಗೇರಿಸಿಕೊಂಡು, ಬಿದ್ದ ಮರ ದಾಟಿ, ಮಂಡಿಯುದ್ದದ ಹೊಳೆ ಹಾದು, ದಿನವಿಡೀ ನಡೆದರೆ 12–15 ಕಿಲೋಮೀಟರ್ ಸಾಗಬಹುದು. ಅವನ ಗುಡಾರ, ಹಾಸಿಗೆ, ಊಟದ ಸಾಮಾನು ಈ ಲೆಕ್ಕಕ್ಕೆ ಸೇರಿಲ್ಲ. ಒಂದು ಎಲ್ಕ್ ಹೊರಲು ಅವನು ನಾಲ್ಕು ಬಾರಿ ಹೋಗಿ ಬರಬೇಕು. ಸೆಪ್ಟೆಂಬರಿನ ಹಗಲು ಬಿಸಿಲಿಗೆ ಮಾಂಸ ಅಷ್ಟು ದಿನ ಕಾಯುವುದಿಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಅದು ಸರಿಯಾದ ಕಾಯ್ದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹಾಗಾಗಿ ಕನ್ನಡದ ಓದುಗರಿಗೆ ಅಮೆರಿಕದ ಬೇಟೆಯ ವಿಷಯ ಎತ್ತಿದೊಡನೆ ಗೋಡೆಗೆ ತೂಗುಹಾಕಿದ ಕೊಂಬು, ಹೆಣದ ಪಕ್ಕ ಬಂದೂಕು ಹಿಡಿದು ನಿಂತವನ ಫೋಟೊ ನೆನಪಾದರೆ ಆಶ್ಚರ್ಯವಿಲ್ಲ. ಅಂಥವರು ಅಲ್ಲಿ ಇಲ್ಲವೆಂದಲ್ಲ. ಆದರೆ ರಸ್ತೆಯಿಲ್ಲದ ಕಾಡಿಗೆ ಪ್ರಾಣಿಗಳನ್ನು ಕಟ್ಟಿಕೊಂಡು ಹೋಗುವವರ ಲೋಕ ಬೇರೆ. ಅಲ್ಲಿ ಗುರಿಕಾರನಿಗಿಂತ ಹೇರು ಕಟ್ಟುವವನು ದೊಡ್ಡವನು. ಕೊಂದದ್ದನ್ನು ಕೆಡದಂತೆ ಹೊರಗೆ ತರಲು ಬಾರದವನು ಕೊಲ್ಲಕೂಡದು ಎಂಬುದು ಅವರ ಮೊದಲ ಪಾಠ. ಆ ಪಾಠ ಹೇಳಿಕೊಡುವುದು ಹೇಸರಗತ್ತೆಯ ಬೆನ್ನು.

ಈ ಲೋಕ ಇಂದಿಗೂ ಉಳಿದಿರುವುದಕ್ಕೆ ಒಂದು ಕಾನೂನೇ ಕಾರಣ. 1964ರ ಸೆಪ್ಟೆಂಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ವಿಲ್ಡರ್ನೆಸ್ ಕಾಯ್ದೆ ಅದು. ಅದರಡಿ ಬರುವ ಕಾಡುಗಳಲ್ಲಿ ಮೋಟಾರು ವಾಹನ ಓಡಿಸುವಂತಿಲ್ಲ, ವಿಮಾನ ಇಳಿಸುವಂತಿಲ್ಲ, ಯಂತ್ರದ ಗರಗಸ ಬಳಸುವಂತಿಲ್ಲ, ಸೈಕಲ್ ಕೂಡ ತುಳಿಯುವಂತಿಲ್ಲ. ನಮ್ಮ ಅಭಯಾರಣ್ಯಗಳ ವ್ಯವಸ್ಥೆಗೆ ಇದು ತೀರ ಭಿನ್ನ. ಬೇಟೆಗೆ ಅನುಮತಿ ಇದೆ, ಗಾಲಿಗೆ ಇಲ್ಲ. ಅರಣ್ಯ ಇಲಾಖೆಯ ಸಿಬ್ಬಂದಿಯೂ ದಾರಿಗೆ ಬಿದ್ದ ಮರವನ್ನು ಇಬ್ಬರು ಎದುರುಬದುರು ನಿಂತು ಎಳೆಯುವ ಹಳೆಯ ಗರಗಸದಿಂದಲೇ ಕೊಯ್ಯುತ್ತಾರೆ. ಸೇತುವೆಯ ತೊಲೆ, ಮೊಳೆ, ಬೆಂಕಿ ಆರಿಸುವವರ ಊಟ, ಎಲ್ಲವೂ ಒಳಗೆ ಹೋಗುವುದು ನಾಲ್ಕು ಕಾಲಿನ ಮೇಲೆ. ಇದೇ ಕಾಯ್ದೆಯಡಿ ಬರುವ ಇಡಾಹೊ ರಾಜ್ಯದ ಫ್ರಾಂಕ್ ಚರ್ಚ್ ಕಾಡು 23 ಲಕ್ಷ ಎಕರೆಗೂ ದೊಡ್ಡದು. ವಯೋಮಿಂಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊರರಾಜ್ಯದ ಬೇಟೆಗಾರರು ಇಂಥ ಕಾಡುಗಳಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಹೋಗುವುದಾದರೆ ಪರವಾನಗಿ ಪಡೆದ ಗೈಡ್ ಇಲ್ಲವೇ ಸ್ಥಳೀಯನೊಬ್ಬ ಜೊತೆಗಿರಲೇಬೇಕೆಂದು ಕಾನೂನು ಮಾಡಿದೆ. ಹೀಗೆ ಹೇರು ಕಟ್ಟುವುದೇ ಕಸುಬಾದವರನ್ನು ಅಲ್ಲಿ ಪ್ಯಾಕರ್ ಎನ್ನುತ್ತಾರೆ. ಪ್ರಾಣಿ, ಬಿಡಾರ, ಅಡುಗೆ ಎಲ್ಲ ಒದಗಿಸಿ ಬೇಟೆಗಾರರನ್ನು ಕರೆದೊಯ್ಯುವವರು ಔಟ್‌ಫಿಟ್ಟರ್‌ಗಳು.

ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟಿದ್ದು ಹೇಸರಗತ್ತೆ. ಕುದುರೆಯ ಕ್ರೋಮೊಸೋಮು 64, ಕತ್ತೆಯದು 62, ಇದರದು 63. ಸಮನಾಗಿ ಜೋಡಿಯಾಗದ ಈ ಸಂಖ್ಯೆಯಿಂದಾಗಿ ಇದಕ್ಕೆ ಸಂತಾನವಿಲ್ಲ; ಪ್ರತಿ ಪೀಳಿಗೆಯನ್ನೂ ಮನುಷ್ಯ ಹೊಸದಾಗಿ ಹುಟ್ಟಿಸಬೇಕು. ಅಮೆರಿಕದಲ್ಲಿ ಈ ತಳಿಗೆ ಇಂಬು ಕೊಟ್ಟವರಲ್ಲಿ ಪ್ರಮುಖ ಜಾರ್ಜ್ ವಾಷಿಂಗ್ಟನ್. 1785ರಲ್ಲಿ ಸ್ಪೇನಿನ ದೊರೆ ಮೂರನೇ ಚಾರ್ಲ್ಸ್ ಕಳಿಸಿಕೊಟ್ಟ ಗಂಡು ಕತ್ತೆಯನ್ನು ತನ್ನ ಮೌಂಟ್ ವರ್ನನ್ ಎಸ್ಟೇಟಿನಲ್ಲಿ ಸಾಕಿ ಹೇಸರಗತ್ತೆಗಳ ಸಾಕಣೆಗೆ ತೊಡಗಿದ. ಆ ಕತ್ತೆಗೆ 'ರಾಯಲ್ ಗಿಫ್ಟ್' ಎಂದೇ ಹೆಸರು.

ಹೇಸರಗತ್ತೆಯನ್ನು ಹಟಮಾರಿ ಎನ್ನುವುದು ಲೋಕರೂಢಿ. ಪ್ಯಾಕರ್‌ಗಳು ಇದನ್ನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಕುದುರೆ ಹೆದರಿದರೆ ಮೊದಲು ಓಡುತ್ತದೆ, ಆಮೇಲೆ ನೋಡುತ್ತದೆ. ಹೇಸರಗತ್ತೆ ಮೊದಲು ನಿಂತು ನೋಡುತ್ತದೆ. ಕೊಳೆತ ಮರದ ಸೇತುವೆಯ ಮುಂದೆ ಅದು ಹೆಜ್ಜೆ ಎತ್ತದಿದ್ದರೆ ಅನುಭವಿ ಪ್ಯಾಕರ್ ಬಡಿಯುವುದಿಲ್ಲ, ಇಳಿದು ಹೋಗಿ ಸೇತುವೆ ಪರೀಕ್ಷಿಸುತ್ತಾನೆ. ಕುದುರೆಗೆ ಹೋಲಿಸಿದರೆ ಅದರ ಗೊರಸು ಕಿರಿದು, ಗಟ್ಟಿ. ಕಲ್ಲುದಾರಿಯಲ್ಲಿ ಕಾಲಿಡಲು ಕಡಿಮೆ ಜಾಗ ಸಾಕು. ತಿನ್ನುವುದು ಕಡಿಮೆ, ಬಿಸಿಲು ತಡೆಯುವುದು ಹೆಚ್ಚು. ಹುಚ್ಚೆದ್ದು ತಿಂದು, ಕುಡಿದು ಕಾಲು ಹಿಡಿಸಿಕೊಳ್ಳುವ ಕುದುರೆಯ ಚಾಳಿ ಇದಕ್ಕೆ ಅಪರೂಪ. ಚೆನ್ನಾಗಿ ನೋಡಿಕೊಂಡರೆ 20 ವರ್ಷ ದಾಟಿದ ಮೇಲೂ ದುಡಿಯುತ್ತದೆ.

ತಾಯಿ ಕುದುರೆಯ ನೆನಪೋ ಏನೋ, ಹೇಸರಗತ್ತೆಗಳಿಗೆ ಹೆಣ್ಣು ಕುದುರೆಯ ಮೇಲೆ ಎಲ್ಲಿಲ್ಲದ ಮೋಹ. ಪ್ಯಾಕರ್‌ಗಳು ಒಂದು ಹೆಣ್ಣು ಕುದುರೆಯ ಕೊರಳಿಗೆ ಗಂಟೆ ಕಟ್ಟಿ ರಾತ್ರಿ ಮೇಯಲು ಬಿಡುತ್ತಾರೆ. ಹೇಸರಗತ್ತೆಗಳು ಆ ಸದ್ದು ಬಿಟ್ಟು ದೂರ ಹೋಗುವುದಿಲ್ಲ. ಬೆಳಗಿನ ಕತ್ತಲಲ್ಲಿ ಗಂಟೆಯ ಜಾಡು ಹಿಡಿದು ಕುದುರೆಯೊಂದನ್ನು ಹಿಡಿದು ತಂದರೆ ಸಾಕು, ಉಳಿದವು ತಾವೇ ಹಿಂದೆ ಬರುತ್ತವೆ. ಇದು ಸ್ಪ್ಯಾನಿಷರ ಕಾಲದಿಂದ ಬಂದ ಪದ್ಧತಿ. 1835ರಲ್ಲಿ ಆಂಡೀಸ್ ಪರ್ವತ ದಾಟಿದ ಚಾರ್ಲ್ಸ್ ಡಾರ್ವಿನ್ ತನ್ನ ಪ್ರವಾಸಕಥನದಲ್ಲಿ ಈ ಗಂಟೆಯ ಕುದುರೆಯನ್ನು ವರ್ಣಿಸಿದ್ದಾನೆ. ಎರಡು ಬೇರೆ ಜಾತಿ ಕೂಡಿ ಹುಟ್ಟಿದ ಪ್ರಾಣಿ ನೆನಪಿನಲ್ಲಿ, ತಾಳಿಕೆಯಲ್ಲಿ, ಆಯುಷ್ಯದಲ್ಲಿ ತಂದೆತಾಯಿ ಇಬ್ಬರನ್ನೂ ಮೀರಿಸುವುದು ಅವನಿಗೆ ಸೋಜಿಗವಾಗಿತ್ತು. ಅಲ್ಲಿ ಒಂದೊಂದು ಹೇಸರಗತ್ತೆಗೆ ಸಮತಟ್ಟು ದಾರಿಯಲ್ಲಿ 416 ಪೌಂಡ್, ಅಂದರೆ ಸುಮಾರು 189 ಕಿಲೋ, ಬೆಟ್ಟದ ದಾರಿಯಲ್ಲಿ ಅದಕ್ಕಿಂತ 100 ಪೌಂಡ್ ಕಡಿಮೆ ಹೇರುತ್ತಿದ್ದರೆಂದೂ ಬರೆದಿಟ್ಟಿದ್ದಾನೆ.

ಇಂದಿನ ಪ್ಯಾಕರ್ ಅಷ್ಟು ಹೇರುವುದಿಲ್ಲ. 400–450 ಕಿಲೋ ತೂಗುವ ಹೇಸರಗತ್ತೆಗೆ 150 ಪೌಂಡ್, ಅಂದರೆ 68 ಕಿಲೋ ಹೇರು ಎಂಬುದು ಅವರಲ್ಲಿ ಹೆಚ್ಚುಕಡಿಮೆ ಒಪ್ಪಿತ ಲೆಕ್ಕ. ಮೈತೂಕದ ಐದನೇ ಒಂದು ಭಾಗ ದಾಟಕೂಡದು, ತಡಿ ಮತ್ತು ಹಗ್ಗದ ತೂಕವೂ ಅದರಲ್ಲೇ ಸೇರಬೇಕು ಎನ್ನುತ್ತಾರೆ. ಸವಾರ ಏರಿದಲ್ಲಿ ಮೈ ವಾಲಿಸಿ ಸಮತೋಲ ಕಾಯ್ದುಕೊಳ್ಳುತ್ತಾನೆ. ಸತ್ತ ತೂಕ ಹಾಗೆ ಮಾಡುವುದಿಲ್ಲ, ಹೆಜ್ಜೆಹೆಜ್ಜೆಗೂ ಬೆನ್ನಿನ ಅದೇ ಜಾಗವನ್ನು ಒತ್ತುತ್ತದೆ. ಹಾಗಾಗಿ ಸವಾರನಿಗೆ ಕೊಡುವ ರಿಯಾಯಿತಿ ಹೇರಿಗಿಲ್ಲ.

ಹೇರು ಕಟ್ಟುವ ಬೆಳಗಿನ ಕೆಲಸ ನಿಧಾನದ್ದು. ಮೊದಲು ಬೆನ್ನನ್ನು ಬ್ರಷ್ಷಿನಿಂದ ಉಜ್ಜುತ್ತಾರೆ. ಕಂಬಳಿಯಡಿ ಉಳಿದ ಒಂದು ಮುಳ್ಳು, ಒಣಗಿದ ಒಂದು ಬೆವರಿನ ಗಂಟು ಸಂಜೆಗೆ ಹುಣ್ಣಾಗುತ್ತದೆ. ಅದರ ಮೇಲೆ ದಪ್ಪ ಕಂಬಳಿ, ಆಮೇಲೆ ತಡಿ. ಹೇರಿನ ತಡಿಯಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಗುಣಾಕಾರ ಚಿಹ್ನೆಯಂತೆ ಕೂಡಿಸಿದ ಎರಡು ಜೊತೆ ಮರದ ತುಂಡುಗಳಿರುವುದು ಸಾಬಕ್. ಮರದ ತುಂಡುಗಳ ಬದಲು ಕಬ್ಬಿಣದ ಎರಡು ಬಳೆಗಳಿರುವುದು ಡೆಕರ್. ಇಡಾಹೊ, ಮೊಂಟಾನಾ ಕಡೆಯವರಿಗೆ ಡೆಕರ್ ಪ್ರಾಣ. ಅದರ ಮೇಲೆ ಮೆತ್ತೆ ತುಂಬಿದ ಕ್ಯಾನ್ವಾಸು ಹೊದಿಸಿ, ಎರಡು ಬಳೆಗಳಿಂದ ಹಗ್ಗ ಇಳಿಬಿಟ್ಟು ಎಡಕ್ಕೊಂದು ಬಲಕ್ಕೊಂದು ಮೂಟೆ ತೂಗುಹಾಕುತ್ತಾರೆ. ಹೀಗೆ ತೂಗುವ ಮೂಟೆ ದಾರಿಬದಿಯ ಮರಕ್ಕೆ ತಗಲಿದರೆ ತುಸು ಪಕ್ಕಕ್ಕೆ ಸರಿಯುತ್ತದೆ, ತಡಿ ತಿರುಗುವುದಿಲ್ಲ.

ಮೂಟೆ ಕಟ್ಟುವುದೂ ಒಂದು ವಿದ್ಯೆ. ದಪ್ಪ ಕ್ಯಾನ್ವಾಸು ಹಾಸಿ, ಸಾಮಾನನ್ನು ನೀಟಾಗಿ ಜೋಡಿಸಿ, ಮಳೆನೀರು ಒಳಗಿಳಿಯದಂತೆ ಮಡಿಕೆ ಕೆಳಮುಖವಾಗಿ ಬರುವ ಹಾಗೆ ಸುತ್ತಿ, ಒಂದೇ ಹಗ್ಗದಿಂದ ಬಿಗಿಯುತ್ತಾರೆ. ಎಡ ಬಲದ ಮೂಟೆಗಳನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ಸರಿತೂಗಿಸುತ್ತಾರೆ. ಒಂದು ಕಿಲೋ ವ್ಯತ್ಯಾಸವನ್ನೂ ಬಿಡುವುದಿಲ್ಲ. ಹಗುರವಾದ ಕಡೆಗೆ ಒಂದು ಕಲ್ಲು ಸೇರಿಸಿಯಾದರೂ ಸಮ ಮಾಡುತ್ತಾರೆ. ಹೆಗಲಿಗೆ ಅಡ್ಡೆ ಹೊತ್ತು ನೀರು ತಂದವರಿಗೆ ಇದರ ಗುಟ್ಟು ಗೊತ್ತು: ಒಂದು ಕೊಡ ಕೊಂಚ ಖಾಲಿಯಾದರೂ ಸಾಕು, ಭಾರ ಹೆಚ್ಚದಿದ್ದರೂ ಹೆಗಲು ಉರಿಯತೊಡಗುತ್ತದೆ. ಹೊರಟ ಕಾಲು ಗಂಟೆಯೊಳಗೆ ಸಾಲನ್ನು ಒಮ್ಮೆ ನಿಲ್ಲಿಸಿ ಎಲ್ಲ ಪ್ರಾಣಿಗಳ ಹೊಟ್ಟೆಪಟ್ಟಿಯನ್ನು ಮತ್ತೆ ಬಿಗಿಯುತ್ತಾರೆ. ಬೆಳಿಗ್ಗೆ ಉಸಿರು ತುಂಬಿ ಹೊಟ್ಟೆ ಉಬ್ಬಿಸಿ ನಿಂತ ಪ್ರಾಣಿ ಅಷ್ಟರಲ್ಲಿ ಉಸಿರು ಬಿಟ್ಟಿರುತ್ತದೆ.

ಸಾಲಿನಲ್ಲಿ ಒಂದರ ಹಿಂದೆ ಒಂದನ್ನು ಕಟ್ಟುವ ರೀತಿ ನನಗೆ ಬಹಳ ಮೆಚ್ಚುಗೆಯಾದದ್ದು. ಪ್ರತಿ ತಡಿಯ ಹಿಂಭಾಗದಲ್ಲಿ ತೆಳ್ಳನೆಯ ಹಗ್ಗದ ಒಂದು ಕುಣಿಕೆ ಇರುತ್ತದೆ. ಹಿಂದಿನ ಪ್ರಾಣಿಯ ಹಗ್ಗವನ್ನು ಕಟ್ಟುವುದು ಇದಕ್ಕೇ, ತಡಿಗಲ್ಲ. ಕಡಿದಾದ ಅಂಚಿನಲ್ಲಿ ಒಂದು ಪ್ರಾಣಿ ಕಾಲುಜಾರಿದರೆ ಈ ಕುಣಿಕೆ ಪಟ್ಟನೆ ಹರಿಯುತ್ತದೆ. ಬಿದ್ದದ್ದು ಒಂದೇ ಬೀಳುತ್ತದೆ, ಇಡೀ ಸಾಲನ್ನು ಎಳೆದುಕೊಂಡು ಹೋಗುವುದಿಲ್ಲ. ಹರಿಯಲೆಂದೇ ಹಗ್ಗ ಕಟ್ಟುವ ಈ ಬುದ್ಧಿ ಎಷ್ಟು ಸಾವು ಕಂಡ ಮೇಲೆ ಬಂತೋ.

ಸೆಪ್ಟೆಂಬರಿನಲ್ಲಿ ದಾರಿಯ ದೊಡ್ಡ ಶತ್ರು ಕರಡಿಯಲ್ಲ, ಕಣಜ. ನೆಲದೊಳಗೆ ಗೂಡು ಕಟ್ಟಿರುವ ಹಳದಿ ಕಣಜಗಳನ್ನು ಮೊದಲ ಪ್ರಾಣಿಯ ಗೊರಸು ಕೆಣಕುತ್ತದೆ, ಕಚ್ಚಿಸಿಕೊಳ್ಳುವುದು ಮೂರನೆಯದೋ ನಾಲ್ಕನೆಯದೋ. ಅರೆಕ್ಷಣದಲ್ಲಿ ಸಾಲು ಚದುರಿ, ಮೂಟೆ ಕಳಚಿ, ತಡಿ ಹೊಟ್ಟೆಯಡಿಗೆ ತಿರುಗುತ್ತದೆ. ದಾರಿಯ ಇಂಥ ಅವಘಡಗಳು ಹೊಸವಲ್ಲ. 1805ರ ಸೆಪ್ಟೆಂಬರಿನಲ್ಲಿ ಅನ್ವೇಷಕರಾದ ಮೆರಿವೆದರ್ ಲೂಯಿಸ್ ಮತ್ತು ವಿಲಿಯಂ ಕ್ಲಾರ್ಕ್ ತಂಡ ಇದೇ ಸೀಮೆಯ ಬಿಟರ್‌ರೂಟ್ ಪರ್ವತವನ್ನು ಲೋಲೊ ಜಾಡು ಹಿಡಿದು ದಾಟಿತು. ಅವರಿಗೆ ಕುದುರೆಗಳು ಸಿಕ್ಕಿದ್ದು ಶೊಶೋನಿ ಜನರಿಂದ. ಆ ಬುಡಕಟ್ಟಿನ ನಾಯಕ, ತಂಡದ ಜೊತೆಗಿದ್ದ ಸಕಾಜವಿಯಾ ಎಂಬ ತರುಣಿಯ ಅಣ್ಣ. ಕಡಿದಾದ ಇಳಿಜಾರಿನಲ್ಲಿ ಹಲವು ಕುದುರೆಗಳು ಜಾರಿ ಉರುಳಿದವು. ಕ್ಲಾರ್ಕನ ಬರೆಯುವ ಮೇಜು ಹೊತ್ತಿದ್ದ ಕುದುರೆ ಕೆಳಗುರುಳಿ ಮರಕ್ಕೆ ಬಡಿದು ಮೇಜು ಪುಡಿಯಾಯಿತು, ಕುದುರೆ ಬದುಕಿತು. ಆ ದಟ್ಟಕಾಡಿನಲ್ಲಿ ಬೇಟೆಗೆ ಏನೂ ಸಿಗದೆ ಕುದುರೆಮರಿಗಳನ್ನೇ ಕೊಂದು ತಿಂದರು.

ಆ ಜಾಡು ಮೊದಲಿಂದಲೂ ನೆಜ್ ಪರ್ಸ್ ಬುಡಕಟ್ಟಿನ ಜನರದು. ಕುದುರೆಯ ತಳಿಯನ್ನು ಆರಿಸಿ ಬೆಳೆಸುವುದರಲ್ಲಿ ಅವರಿಗೆ ಸಮನಿರಲಿಲ್ಲ. 1877ರಲ್ಲಿ ತಮ್ಮ ನೆಲದಿಂದ ಅಟ್ಟಿಸಿಕೊಂಡು ಸುಮಾರು 750 ಮಂದಿ, 2,000ದಷ್ಟು ಕುದುರೆಗಳೊಂದಿಗೆ ಸೈನ್ಯದಿಂದ ತಪ್ಪಿಸಿಕೊಳ್ಳಲು ಇದೇ ಪರ್ವತ ದಾಟಿದರು. ಮುದುಕರು, ಬಸುರಿಯರು, ಹಸುಗೂಸುಗಳ ಜೊತೆ. ಕೆನಡಾ ಗಡಿ ಇನ್ನು 40 ಮೈಲಿ ಎನ್ನುವಾಗ, ಅಕ್ಟೋಬರ್ 5ರಂದು, ಅವರ ನಾಯಕ ಜೋಸೆಫ್ ಶರಣಾದ. ಅವರ ಕುದುರೆಗಳನ್ನು ಕಿತ್ತುಕೊಳ್ಳಲಾಯಿತು. ಇಂದು ಆ ಕಾಡುಗಳನ್ನು ಮನುಷ್ಯನ ಕೈ ಸೋಕದ ನೆಲ ಎಂದು ಹೊಗಳುವವರು ಈ ದಾರಿಗಳನ್ನು ತುಳಿದು ಮಾಡಿದವರು ಯಾರೆಂದು ಹೇಳಲೇಬೇಕು.

ಬೇಟೆಗೆ ಹೋಗುವ ಕುದುರೆಗೆ ಬೇರೆಯೇ ಶಿಕ್ಷಣ ಬೇಕು. ಅದು ಹುಟ್ಟಾ ಹುಲ್ಲು ತಿನ್ನುವ ಪ್ರಾಣಿ. ರಕ್ತದ ವಾಸನೆ ಅದರ ಪಾಲಿಗೆ ಹತ್ತಿರದಲ್ಲೆಲ್ಲೋ ಕರಡಿಯೋ ತೋಳವೋ ಇದೆ ಎಂಬ ಎಚ್ಚರಿಕೆ. ಆದ್ದರಿಂದ ಋತು ಶುರುವಾಗುವ ಎಷ್ಟೋ ಮೊದಲೇ ಜಿಂಕೆಯ ಒಣ ತೊಗಲನ್ನು ಲಾಯದ ಬೇಲಿಗೆ ಹಾಕಿ ಅಭ್ಯಾಸ ಮಾಡಿಸುತ್ತಾರೆ. ಕವಲುಕೊಂಬನ್ನು ಮೈಗೆ ಸವರಿ, ಸದ್ದುಮಾಡುವ ಟಾರ್ಪಾಲು ಬೆನ್ನಿಗೆ ಹೊದಿಸಿ, ದೂರದಲ್ಲಿ ಗುಂಡು ಹಾರಿಸಿ, ದಿನಕ್ಕಿಷ್ಟು ಹತ್ತಿರವಾಗಿ ಪಳಗಿಸುತ್ತಾರೆ. ಮೊದಲ ಸಲ ಹಸಿಮಾಂಸ ಹೇರುವಾಗ ಮೂಗಿನ ಹೊಳ್ಳೆಯ ಹತ್ತಿರ, ನಮ್ಮ ಮನೆಗಳಲ್ಲಿ ನೆಗಡಿಗೆ ಹಚ್ಚುವ ವಿಕ್ಸನ್ನೇ ಬಳಿಯುವವರಿದ್ದಾರೆ. ಕಣ್ಣಿಗೆ ಬಟ್ಟೆ ಕಟ್ಟುವುದೂ ಉಂಟು. ಕೊಂಬಿನ ಮೊನೆ ಪಕ್ಕೆಗೆ ಚುಚ್ಚದಂತೆ ಬಟ್ಟೆ ಸುತ್ತಿ ಮೇಲ್ಮುಖವಾಗಿ ಕಟ್ಟಬೇಕು. ಇಷ್ಟರಲ್ಲಿ ಯಾವುದನ್ನು ಬಿಟ್ಟರೂ ಕಾಡಿನ ನಡುವೆ ಒಂದು ಪ್ರಾಣಿ ಕಾಲು ಮುರಿದುಕೊಳ್ಳಬಹುದು. ಕಾಲು ಮುರಿದ ಕುದುರೆಗೆ ಅಲ್ಲಿ ಉಳಿಯುವುದು ಒಂದು ಗುಂಡು ಮಾತ್ರ.

ಸಿನಿಮಾಗಳಲ್ಲಿ ನೋಡಿದಂತೆ ಕುದುರೆಯ ಮೇಲೆ ಕೂತು ಗುಂಡು ಹಾರಿಸುವುದು ಇಲ್ಲಿ ಇಲ್ಲ. ಅದು ಪ್ರಾಣಿಗೂ ಸವಾರನಿಗೂ ಅಪಾಯ. ಬಂದೂಕು ಜೀನಿಗೆ ತಗುಲಿಸಿದ ಚರ್ಮದ ಒರೆಯಲ್ಲಿರುತ್ತದೆ, ನಳಿಗೆಯಲ್ಲಿ ಗುಂಡಿರುವುದಿಲ್ಲ. ಸವಾರ ಇಳಿದಾಗಲೆಲ್ಲ ಬಂದೂಕೂ ಜೊತೆಗೆ ಇಳಿಯಬೇಕು. ಕುದುರೆ ಬೆದರಿ ಓಡಿದರೆ ಬಂದೂಕು ಒಂದೋ ಕಳೆದುಹೋಗುತ್ತದೆ, ಇಲ್ಲವೇ ಕಲ್ಲಿಗೆ ಬಡಿದು ಹಾಳಾಗುತ್ತದೆ. ಜಿಂಕೆ ಇರುವ ಇಳಿಜಾರಿನ ಹತ್ತಿರ ಕುದುರೆಯನ್ನು ಕಟ್ಟಿ ಬೇಟೆಗಾರ ನಡೆದೇ ಹೋಗುತ್ತಾನೆ. ಆದರೆ ಅದಕ್ಕೂ ಮುಂಚೆ ಕುದುರೆ ಸಹಾಯ ಮಾಡಿರುತ್ತದೆ. ಅದರ ನೋಟ ಸುಮಾರು 350 ಡಿಗ್ರಿಯಷ್ಟು ಹರಡಿದೆ, ಕಿವಿ ತೀಕ್ಷ್ಣ. ಎರಡೂ ಕಿವಿ ಒಟ್ಟಿಗೆ ಒಂದೇ ಕಡೆ ನೆಟ್ಟರೆ ಅಲ್ಲಿ ಏನೋ ಇದೆ ಎಂದೇ ತಿಳಿಯಬೇಕು. ಅದು ಜಿಂಕೆಯಾಗಿರಬಹುದು, ಗ್ರಿಜ್ಲಿ ಕರಡಿಯೂ ಆಗಿರಬಹುದು.

ಗುಂಡು ತಗಲಿದ ಮೇಲೆ ಗಡಿಯಾರ ಓಡತೊಡಗುತ್ತದೆ. ತೊಗಲು ಬಿಡಿಸಿ, ಮೈಬಿಸಿ ಆರುವಂತೆ ತೊಡೆ, ಮುಂಗಾಲಿನ ಭಾಗ, ಬೆನ್ನಿನ ಉದ್ದಕ್ಕಿರುವ ಮಾಂಸ ಬೇರ್ಪಡಿಸಿ, ನೊಣ ಕೂರದಂತೆ ತೆಳುವಾದ ಹತ್ತಿಚೀಲಕ್ಕೆ ತುಂಬಿ ನೆರಳಲ್ಲಿ ತೂಗುಹಾಕುತ್ತಾರೆ. ಗ್ರಿಜ್ಲಿ ಇರುವ ಕಡೆ ಮಾಂಸವಾಗಲಿ ದವಸವಾಗಲಿ ನೆಲದಿಂದ 10 ಅಡಿ ಮೇಲೆ, ಮರದ ಕಾಂಡದಿಂದ 4 ಅಡಿ ದೂರ ತೂಗಬೇಕೆಂಬುದು ನಿಯಮ. ಬಾಬ್ ಮಾರ್ಷಲ್ ಕಾಡನ್ನೂ ಒಳಗೊಂಡ ಆ ಪರ್ವತಸಮೂಹದಲ್ಲಿ ಸುಮಾರು ಸಾವಿರ ಗ್ರಿಜ್ಲಿಗಳಿವೆ. ಕೊಂದ ಜಾಗದಲ್ಲಿ ಬಿಟ್ಟ ಕರುಳುಪಚ್ಚಿಗೆ ಅವು ಬಂದೇ ಬರುತ್ತವೆ. ಮರುದಿನ ಉಳಿದ ಮಾಂಸ ತರಲು ಹೋಗುವವರು ಗಾಳಿಯನ್ನು ಬೆನ್ನಿಗಿಟ್ಟುಕೊಂಡು, ಸದ್ದುಮಾಡುತ್ತಾ, ದೂರದಿಂದ ನೋಡಿಕೊಂಡೇ ಹತ್ತಿರ ಹೋಗಬೇಕು. ಇಲ್ಲಿ ಹೇಸರಗತ್ತೆಗಳಿಂದ ದೊಡ್ಡ ಲಾಭವಿದೆ: ಎಲ್ಲವನ್ನೂ ಒಂದೇ ಸಲಕ್ಕೆ ಹೊರಬಹುದು, ಕರಡಿಯ ಬಾಯಿಗೆ ಎರಡನೇ ಸಲ ಹೋಗುವ ಪ್ರಸಂಗ ಬರುವುದಿಲ್ಲ.

ಕೊಂದದ್ದನ್ನು ಹೊರಗೆ ತರಬೇಕೆಂದು ಕಾನೂನೂ ಹೇಳುತ್ತದೆ. ಮೊಂಟಾನಾದಲ್ಲಿ ತಿನ್ನಲು ಯೋಗ್ಯವಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಪರಾಧ. ನಾಲ್ಕೂ ಕಾಲಿನ ಭಾಗ, ಬೆನ್ನಿನ ಮಾಂಸ ಹೊರಗೆ ಬರಲೇಬೇಕು. ಕೊಂಬು ಮಾತ್ರ ಕತ್ತರಿಸಿ ತಂದರೆ ಜುಲ್ಮಾನೆ, ಪರವಾನಗಿ ರದ್ದು. ಆ ಮಾಂಸವನ್ನು ಮಾರುವಂತಿಲ್ಲ. 19ನೇ ಶತಮಾನದಲ್ಲಿ ಪಟ್ಟಣದ ಮಾರುಕಟ್ಟೆಗೆಂದೇ ಕೊಂದು ಕೊಂದು ಕಾಡು ಬರಿದು ಮಾಡಿದ ಪಾಠದಿಂದ ಬಂದ ನಿಯಮಗಳಿವು. 1900ರ ಲೇಸಿ ಕಾಯ್ದೆ ಕದ್ದ ಬೇಟೆಯನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದಕ್ಕೆ ತಡೆ ಹಾಕಿತು. 1937ರ ಪಿಟ್‌ಮನ್–ರಾಬರ್ಟ್ಸನ್ ಕಾಯ್ದೆ ಉದ್ದ ನಳಿಗೆಯ ಬಂದೂಕು ಮತ್ತು ಗುಂಡುಗಳ ಮೇಲಿನ ಶೇ 11ರ ತೆರಿಗೆಯನ್ನು ವನ್ಯಜೀವಿಗಳ ರಕ್ಷಣೆಗೆ ಮೀಸಲಿಟ್ಟಿತು. ಈಚೆಗೆ ಇನ್ನೊಂದು ಚಿಂತೆ ಸೇರಿದೆ. ಜಿಂಕೆಗಳ ಮಿದುಳನ್ನು ತಿನ್ನುವ, ಮದ್ದಿಲ್ಲದ ಸಿ.ಡಬ್ಲ್ಯು.ಡಿ. ಎಂಬ ರೋಗ 1967ರಲ್ಲಿ ಕೊಲರಾಡೊದ ಸಾಕಿದ ಮ್ಯೂಲ್ ಡೀರ್‌ಗಳಲ್ಲಿ ಮೊದಲು ಕಂಡಿತ್ತು. 2017ರಲ್ಲಿ ಮೊಂಟಾನಾದ ಕಾಡುಜಿಂಕೆಗಳಲ್ಲೂ ಪತ್ತೆಯಾಯಿತು. ತಲೆ, ಬೆನ್ನುಹುರಿ ಎಲ್ಲೆಂದರಲ್ಲಿ ಎಸೆಯುವಂತಿಲ್ಲ, ರೋಗ ಖಚಿತವಾದ ಮಾಂಸ ತಿನ್ನಬಾರದು ಎಂಬ ಸೂಚನೆಯಿದೆ.

ಇಷ್ಟೆಲ್ಲ ಹೊಗಳಿದರೂ ಕುದುರೆ ಕಾಡಿಗೆ ಹಗುರವಾದ ಅತಿಥಿಯಲ್ಲ. 450 ಕಿಲೋದ ಪ್ರಾಣಿಗೆ ದಿನಕ್ಕೆ 7ರಿಂದ 9 ಕಿಲೋ ಮೇವು ಬೇಕು. ಹತ್ತು ಪ್ರಾಣಿಗಳ ಒಂದು ವಾರದ ಮೇವೇ ಸುಮಾರು 600 ಕಿಲೋ; ಅದನ್ನು ಹೊರಲು ಇನ್ನೂ ಒಂಬತ್ತು ಪ್ರಾಣಿ ಬೇಕು, ಅವುಗಳಿಗೂ ಮೇವು ಬೇಕು. ಹಾಗಾಗಿ ಕಾಡಿನ ಹುಲ್ಲುಗಾವಲನ್ನೇ ನಂಬಬೇಕು. ಒಂದೇ ಕಡೆ ದಿನಗಟ್ಟಲೆ ಕಟ್ಟಿದರೆ ನೆಲ ಕೆಸರಾಗುತ್ತದೆ, ಮರದ ಬೇರು ಮೇಲೇಳುತ್ತದೆ, ತೊಗಟೆ ಸುಲಿಯುತ್ತದೆ. ಇದನ್ನು ಅರಿತೇ ಇಂದು ಎರಡು ಮರಗಳ ನಡುವೆ ಎತ್ತರದಲ್ಲಿ ಹಗ್ಗ ಎಳೆದು, ತೊಗಟೆ ಕೊಯ್ಯದಂತೆ ಅಗಲವಾದ ಪಟ್ಟಿ ಸುತ್ತಿ, ನೀರಿನಿಂದ ದೂರ ಪ್ರಾಣಿಗಳನ್ನು ಕಟ್ಟುತ್ತಾರೆ. ಹೊರಗಿಂದ ತರುವ ಹುಲ್ಲಿನಲ್ಲಿ ಕಳೆಬೀಜ ಇಲ್ಲವೆಂಬ ಪ್ರಮಾಣಪತ್ರ ಬೇಕು. ಬಿಡಾರ ಎತ್ತುವಾಗ ಲದ್ದಿಯನ್ನು ಕೆದರಿ ಹರಡಬೇಕು. ಎಲ್ಲರೂ ಇದನ್ನು ಪಾಲಿಸುತ್ತಾರೆ ಎನ್ನಲಾಗದು. ನಡೆದು ಹೋಗುವ ಚಾರಣಿಗರು ಕುದುರೆಯವರ ಮೇಲೆ ದೂರುವುದರಲ್ಲಿ ನ್ಯಾಯವಿದೆ.

ಕಸುಬು ಮಾತ್ರ ಕ್ಷೀಣಿಸುತ್ತಿದೆ. 1910ರ ಆಗಸ್ಟಿನಲ್ಲಿ ಇಡಾಹೊ, ಮೊಂಟಾನಾದ 30 ಲಕ್ಷ ಎಕರೆ ಕಾಡು ಎರಡೇ ದಿನದಲ್ಲಿ ಉರಿದುಹೋದ ಮೇಲೆ ಬೆಂಕಿಯ ಜಾಗಕ್ಕೆ ಬೇಗ ತಲುಪುವುದೇ ಅರಣ್ಯ ಇಲಾಖೆಯ ದೊಡ್ಡ ಚಿಂತೆಯಾಯಿತು. 1930ರಲ್ಲಿ ಮಿಜೂಲಾ ಪಟ್ಟಣದ ಹತ್ತಿರ ನೈನ್‌ಮೈಲ್ ಎಂಬಲ್ಲಿ ಹೇಸರಗತ್ತೆಗಳ ದೊಡ್ಡ ಕೇಂದ್ರ ತೆರೆದರು. ಕರೆ ಬಂದರೆ ಸಾಕು, ಒಬ್ಬ ಪ್ಯಾಕರ್, ಒಂಬತ್ತು ಹೇಸರಗತ್ತೆ ಲಾರಿ ಹತ್ತಿ ಹೊರಡುತ್ತಿದ್ದರು. ವಿಮಾನದಿಂದ ಧುಮುಕಿ ಬೆಂಕಿ ಆರಿಸುವವರು ಬಂದ ಮೇಲೆ 1953ರಲ್ಲಿ ಆ ಕೇಂದ್ರ ಮುಚ್ಚಿತು. 1956ರಲ್ಲಿ ಸೈನ್ಯವೂ ಕೊಲರಾಡೊದ ಫೋರ್ಟ್ ಕಾರ್ಸನ್‌ನಲ್ಲಿ ತನ್ನ ಹೇಸರಗತ್ತೆ ದಳವನ್ನು ವಿಸರ್ಜಿಸಿತು. ನೈನ್‌ಮೈಲ್‌ನಲ್ಲಿ ಈಗಲೂ ಇಲಾಖೆಯ ಒಂದು ಹೇಸರಗತ್ತೆ ಸಾಲು ಉಳಿದಿದೆ, ಹೇರು ಕಟ್ಟುವ ವಿದ್ಯೆ ಕಲಿಸುತ್ತಾರೆ. ಮಿಜೂಲಾದ ಸ್ಮೋಕ್ ಎಲ್ಸರ್ ಎಂಬ ಹಿರಿಯ ಔಟ್‌ಫಿಟ್ಟರ್ ದಶಕಗಳ ಕಾಲ ಈ ವಿದ್ಯೆಯ ತರಗತಿ ನಡೆಸಿ, ಸಹಲೇಖಕನೊಂದಿಗೆ ಪುಸ್ತಕವನ್ನೂ ಬರೆದಿಟ್ಟರು. 1973ರಲ್ಲಿ ಮೊಂಟಾನಾದ ಫ್ಲಾಟ್‌ಹೆಡ್ ಕಣಿವೆಯಲ್ಲಿ ಹುಟ್ಟಿದ ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್ ಸಂಘದ ಸ್ವಯಂಸೇವಕರು ಕೂಲಿಯಿಲ್ಲದೆ ದಾರಿ ಬಿಡಿಸುತ್ತಾರೆ. ಕೆಲವು ವಾರಗಳ ಬೇಟೆಗಾಗಿ ಪ್ರಾಣಿಗಳನ್ನು ವರ್ಷವಿಡೀ ಸಾಕುವ ಖರ್ಚು, ಲಾಳ, ಮೇವು, ಪಶುವೈದ್ಯರ ಬಿಲ್ಲು ಎಲ್ಲ ನೆನೆದರೆ ಹೊಸಬರು ಹಿಂಜರಿಯುವುದು ಸಹಜವೇ.

ಜಿಂಕೆ ಬೇಟೆ ನಮಗೆ ಬೇಡ. ಆದರೆ ಆ ಪ್ಯಾಕರ್‌ಗಳ 68 ಕಿಲೋ ಲೆಕ್ಕ ನಮಗೆ ಬೇಕು. ಕರ್ನಾಟಕದಿಂದ ಪ್ರತಿವರ್ಷ ಕೇದಾರನಾಥಕ್ಕೆ ಹೋಗುವ ಅಸಂಖ್ಯ ಯಾತ್ರಿಕರು ಗೌರಿಕುಂಡದಲ್ಲಿ ಏರುವ 'ಖಚ್ಚರ್' ಇದೇ ಪ್ರಾಣಿ, ಗಾತ್ರದಲ್ಲಿ ಮೊಂಟಾನಾದ್ದಕ್ಕಿಂತ ಚಿಕ್ಕದು. 2022ರ ಯಾತ್ರೆಯಲ್ಲಿ ಆ ದಾರಿಯಲ್ಲಿ ಹೇಸರಗತ್ತೆಗಳು ಒಂದರ ಮೇಲೊಂದು ಸತ್ತ ವಿಷಯ ಉತ್ತರಾಖಂಡ ಹೈಕೋರ್ಟಿನವರೆಗೂ ಹೋಯಿತು. ಹೇರು ಪ್ರಾಣಿಗಳ ಮೇಲಿನ ಹಿಂಸೆ ತಡೆಯಲು ಕೇಂದ್ರ ಸರ್ಕಾರ 1965ರಲ್ಲಿ ಮಾಡಿದ ನಿಯಮಗಳ ಪ್ರಕಾರ ಭಾರತದಲ್ಲಿ ಒಂದು ಹೇಸರಗತ್ತೆಯ ಮೇಲೆ 200 ಕಿಲೋವರೆಗೆ ಹೇರಬಹುದು. ಡಾರ್ವಿನ್ ಆಂಡೀಸ್‌ನ ಸಮತಟ್ಟು ದಾರಿಯಲ್ಲಿ ಕಂಡದ್ದಕ್ಕಿಂತಲೂ ಇದು ಹೆಚ್ಚು, ಮೊಂಟಾನಾದ ಬೇಟೆಗಾರ ತನ್ನ ದೊಡ್ಡ ಪ್ರಾಣಿಗೆ ಹೇರುವುದರ ಸುಮಾರು ಮೂರು ಪಟ್ಟು. ಅದೇ ನಿಯಮದಲ್ಲಿ ಸತತ ಐದು ಗಂಟೆಗಿಂತ ಹೆಚ್ಚು, ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂಬ ಒಳ್ಳೆಯ ಮಾತೂ ಇದೆ. ಯಾತ್ರೆಯ ದಟ್ಟಣೆಯಲ್ಲಿ ಅದನ್ನು ಕೇಳುವವರು ಬೇಕು.

ಹೋಗುವವರು ಏರುವ ಮುನ್ನ ಕಂಬಳಿ ಎತ್ತಿಸಿ ಬೆನ್ನು ನೋಡಿ. ಹುಣ್ಣಿದ್ದರೆ, ಕುಂಟುತ್ತಿದ್ದರೆ, ಆಗತಾನೆ ಒಂದು ಸುತ್ತು ಮುಗಿಸಿ ಇಳಿದು ಬಂದಿದ್ದರೆ ಬೇಡವೆನ್ನಿ. ಕಾಲಲ್ಲಿ ಬಲವಿದ್ದವರು ಕಡಿದಾದ ಇಳಿಜಾರಿನಲ್ಲಿ ಇಳಿದು ನಡೆಯಿರಿ. ರಾಕಿ ಪರ್ವತದ ಸವಾರರೂ ಹಾಗೇ ಮಾಡುತ್ತಾರೆ. ಆ 200 ಕಿಲೋದ ನಿಯಮವನ್ನು ಸರ್ಕಾರ ಬೆಟ್ಟದ ದಾರಿಗಳ ಮಟ್ಟಿಗಾದರೂ ಕೂಡಲೇ ತಿದ್ದಬೇಕು.